ಕಬ್ಬಿಣದಣ್ಣನ ಐದನೆಯ ಭಾಗ

ಸತ್ತವನು ಸತ್ತಂತೆ ಇರಬೇಕು. ನಾನೇ ಮುಂದೆ ನಿಂತು ಕುಲುಮೆಗೆ ಕಳಿಸಿ, ಊರವರಿಂದ ಕಣ್ಣೀರು ಹಾಕಿಸಿ, ಸಕಲ ಮರ್ಯಾದೆಯಿಂದ ಬೀಳ್ಕೊಟ್ಟಿದ್ದ ಕಬ್ಬಿಣದಣ್ಣ ಹತ್ತು ವರ್ಷ ಕಳೆದ ಮೇಲೆ ಎದ್ದು ಬಂದರೆ ನನ್ನಂಥ ಸಂಭಾವಿತ ಸಂಸಾರಸ್ಥ ಎಲ್ಲಿಗೆ ಹೋಗಬೇಕು?

ವಿಷಯ ಹೀಗಿದೆ. ಎಪ್ಪತ್ತೊಂದರಲ್ಲೋ ಏನೋ, ಹೊಸನಗರದಲ್ಲಿ ಮಂಜಯ್ಯನ ಟೆಂಟ್ ಸಿನಿಮಾಕ್ಕೆ ಒಂದು ಇಂಗ್ಲಿಷ್ ಚಿತ್ರ ಬಂತು. ಮುಂದಿನ ಶತಮಾನದ ಕಥೆ. ಒಬ್ಬ ಯಂತ್ರಮಾನವ, ಒಬ್ಬಳು ಹುಡುಗಿ, ಉಳಿದದ್ದೆಲ್ಲ ಹೊಡೆದಾಟ. ಜನಕ್ಕೆ ಅರ್ಥವಾಗಬೇಕಲ್ಲ? ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನನ್ನನ್ನು ಮಂಜಯ್ಯ ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿ ಕೈಗೆ ಮೈಕ್ ಕೊಟ್ಟ. (ನನ್ನದು ಪಠ್ಯಪುಸ್ತಕದ ಇಂಗ್ಲಿಷು. ಆ ನಟರಲ್ಲಿ ಒಬ್ಬನೂ ಪಠ್ಯಪುಸ್ತಕದಂತೆ ಮಾತಾಡಲಿಲ್ಲ; ಅದು ಅವರ ತಪ್ಪು.) ಅಷ್ಟರಲ್ಲಿ ಹುಡುಗಿ ಯಂತ್ರಮಾನವನ ತಲೆಗೆ ಎಣ್ಣೆ ಸುರಿದಳು. ನಮ್ಮಲ್ಲಿ ದೀಪಾವಳಿಗೆ ಹೆಣ್ಣುಮಕ್ಕಳು ತಲೆಗೆ ಎಣ್ಣೆ ಒತ್ತುವುದು ಅಣ್ಣತಮ್ಮಂದಿರಿಗೆ. ಕೂಡಲೇ ಘೋಷಿಸಿಬಿಟ್ಟೆ: "ಇವನು ಕಬ್ಬಿಣದಣ್ಣ. ಇವಳು ತಂಗಿ ಗಂಗಾ." ಅಪ್ಪಿಕೊಳ್ಳುವ ದೃಶ್ಯಗಳನ್ನು ಮಂಜಯ್ಯ ಹೆಂಗಸರು ಬರುತ್ತಾರೆಂದು ಮೊದಲೇ ಕತ್ತರಿಸಿಟ್ಟಿದ್ದರಿಂದ ನನ್ನ ಮಾತಿಗೆ ಎದುರಾಡುವವರಿರಲಿಲ್ಲ.

ಹೀಗೆ ನಾಲ್ಕು ಭಾಗಗಳು ಬಂದವು. ನಾಲ್ಕನೆಯದರಲ್ಲಿ ಅಣ್ಣ ಕುಲುಮೆಗೆ ಹಾರಿದಾಗ ನಾನು ತವರಿನ ಋಣದ ಬಗ್ಗೆ ಆಡಿದ ಮಾತಿಗೆ ಹೆಂಗಸರು ಎಷ್ಟು ಅತ್ತರೆಂದರೆ ಪ್ರೊಜೆಕ್ಟರಿನ ಸದ್ದೇ ಕೇಳಿಸಲಿಲ್ಲ. ಅವರಲ್ಲಿ ತೀರ್ಥಹಳ್ಳಿಯಿಂದ ನೆಂಟರ ಮನೆಗೆ ಬಂದಿದ್ದ ಭಾಗೀರಥಮ್ಮನವರೂ ಇದ್ದರು. "ಇಷ್ಟು ಇಂಗ್ಲಿಷ್ ಬಲ್ಲ ಹುಡುಗ ಅಮಲ್ದಾರ ಆಗದೆ ಬಿಡೂದಿಲ್ಲ" ಎಂದು ಮಗಳು ವಾಗ್ದೇವಿಯನ್ನು ನನಗೆ ಕೊಟ್ಟರು. ನಾನು ಇನ್ನೂ ಅದೇ ಸ್ಕೂಲಿನಲ್ಲಿದ್ದೇನೆ. ಆದರೂ ಅತ್ತೆಯ ಕಣ್ಣಲ್ಲಿ ನನ್ನ ಇಂಗ್ಲಿಷಿನ ಘನತೆ ಕುಂದಿರಲಿಲ್ಲ. ಅತ್ತೆಮನೆಯಲ್ಲಿ ನನಗಿದ್ದ ಮರ್ಯಾದೆಯೆಲ್ಲ ಅದರ ಮೇಲೆಯೇ ನಿಂತಿತ್ತು.

ಈಗ ಸಾಗರದಲ್ಲಿ ಪಕ್ಕಾ ಟಾಕೀಸು ಕಟ್ಟಿರುವ ಮಂಜಯ್ಯ ಹೋದ ತಿಂಗಳು ಪೋಸ್ಟರಿನ ಸುರುಳಿ ಹಿಡಿದು ಮನೆಗೆ ಬಂದ.

"ಮೇಷ್ಟ್ರೆ, ಅಣ್ಣ ವಾಪಸ್ ಬಂದ. ಐದನೇ ಭಾಗ. ನೀವೇ ಹೇಳ್ಬೇಕು."

ಸುರುಳಿ ಬಿಚ್ಚಿದೆ. ಅಣ್ಣ ತಂಗಿಯನ್ನು ಎತ್ತಿಕೊಂಡು ನಿಂತಿದ್ದ. ತಂಗಿ ಮದುವೆಯ ಬಿಳಿ ಗೌನಿನಲ್ಲಿದ್ದಳು.

"ಇಂಥದನ್ನೆಲ್ಲ ಕತ್ತರಿಸ್ಬಹುದಲ್ಲ ಮಂಜಯ್ಯ?"

"ಕತ್ತರಿಸಿದ್ರೆ ನ್ಯೂಸ್ ರೀಲ್ ಮಾತ್ರ ಉಳೀತದೆ."

ಅವನು ಅತ್ತ ಹೋದಮೇಲೆ ವಾಗ್ದೇವಿ ಪೋಸ್ಟರನ್ನೂ ನನ್ನನ್ನೂ ನೋಡಿದಳು. "ಮೊದಲ ಆಟಕ್ಕೇ ಅಮ್ಮ ಬರ್ತಾಳಂತೆ."

"ನಂಗೆ ಆವತ್ತು ಜ್ವರ ಬರ್ತದೆ."

"ಬಂದ್ರೆ ಗುಳಿಗೆ ನುಂಗಿ ಹೊರಡಿ. ಅಳಿಯ ಇಂಗ್ಲಿಷ್ ಹೇಳ್ತಾರೆ ಅಂತ ಅಮ್ಮ ಊರಿಗೆಲ್ಲ ಸಾರಿ ಆಗಿದೆ."

ಭಾನುವಾರ ಟಾಕೀಸು ಕಿಕ್ಕಿರಿದಿತ್ತು. ಹೊಸನಗರದವರು ಬಸ್ಸು ಮಾಡಿಕೊಂಡು ಬಂದಿದ್ದರು. ಅತ್ತೆ ಮುಂದಿನ ಸಾಲಿನಲ್ಲಿ, ಅಳಲು ಕರವಸ್ತ್ರ ಸಿದ್ಧವಾಗಿಟ್ಟುಕೊಂಡು ಕೂತಿದ್ದರು. ಇಂಟರ್ವಲ್‌ವರೆಗೆ ನನ್ನದು ದಿಗ್ವಿಜಯವೇ. ಆಮೇಲೆ ಅಣ್ಣ ಗಂಗಾಳ ಮುಂದೆ ಮಂಡಿಯೂರಿ ಉಂಗುರ ಹಿಡಿದ.

"ಅಳಿಯಂದ್ರೆ," ಅತ್ತೆಯ ದನಿ ಹಾಲಿಗೆಲ್ಲ ಕೇಳಿಸಿತು, "ಅಣ್ಣ ಎಂತಕ್ಕೆ ಮಂಡಿ ಊರಿದ್ದು?"

"ಅದು... ಬೆರಳಿನ ನಟ್ಟು ಸಡಿಲ ಆಗಿದೆ. ತಂಗಿಗೆ ತೋರಿಸ್ತಿದ್ದಾನೆ."

ಗಂಗಾ ಆ ನಟ್ಟನ್ನು ತನ್ನ ಬೆರಳಿಗೆ ಹಾಕಿಕೊಂಡಳು. ಅಣ್ಣ ಅವಳನ್ನು ಬಾಚಿ ಅಪ್ಪಿಕೊಂಡ. ಕುರ್ಚಿಗಳು ಕಿರುಗುಟ್ಟಿದವು. "ಥೂ, ಎಂತ ಕಾಲ ಬಂತು" ಎನ್ನುತ್ತ ಹಿಂದಿನವರು ಏಳತೊಡಗಿದರು. ಅತ್ತೆ ಕರವಸ್ತ್ರ ಮಡಚಿಟ್ಟು ನನ್ನನ್ನೇ ನೋಡುತ್ತಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಯಾರೋ ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು. ನೋಡಿದರೆ ವಾಗ್ದೇವಿ.

"ಎಲ್ಲರೂ ಕೂತ್ಕೊಳ್ಳಿ. ಇವನು ಅಣ್ಣ ಅಲ್ಲ. ಅಣ್ಣ ಕರಗಿಹೋಗಿದ್ದನ್ನ ನೀವೇ ನೋಡಿದ್ದೀರಿ. ಆ ಕಬ್ಬಿಣ ದಂಡ ಆಗಬಾರ್ದು ಅಂತ ಅವನ ಸೋದರಮಾವ ಅದ್ರಲ್ಲೇ ತನಗೊಬ್ಬ ಮಗನ್ನ ಮಾಡ್ಕೊಂಡ. ಅಚ್ಚು ಹಳೇದೇ, ಅದಕ್ಕೇ ಮುಖ ಹಾಗೆ. ಗಂಗಾಗೆ ಇವನು ಮಾವನ ಮಗ. ತಪ್ಪಿಸೋಕಾಗದ ಸಂಬಂಧ."

ಎದ್ದು ನಿಂತಿದ್ದವರೆಲ್ಲ ಅತ್ತೆಯ ಕಡೆ ತಿರುಗಿದರು.

"ಹಾಗೆ ಹೇಳು ಮತ್ತೆ," ಎಂದರು ಭಾಗೀರಥಮ್ಮ. "ಮಾವನ ಮಗ ಇದ್ದಾಗ ಹೊರಗಿನ ಗಂಡು ಯಾಕೆ?"

ಆಮೇಲಿನ ಶಿಳ್ಳೆ, ಚಪ್ಪಾಳೆ ಸಾಗರದ ಸ್ಟೇಷನ್ನಿನವರೆಗೆ ಕೇಳಿಸಿರಬೇಕು. ಚರ್ಚಿನಲ್ಲಿ ಮದುವೆಯಾಗುವಾಗ ಹಿಂದಿನ ಸಾಲಿನ ಹೆಂಗಸರು ಸೋಬಾನೆ ಹಾಡಿದರು. ನನ್ನ ಮಾನ ಉಳಿಯಿತು. ಹೆಂಡತಿಯ ಮೇಲೆ ಅಷ್ಟು ಪ್ರೀತಿ ನನಗೆ ಮದುವೆಯ ದಿನವೂ ಬಂದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲನೆ ಕೇಳಿದೆ: "ನಿಂಗೆ ಇಂಗ್ಲಿಷ್ ಯಾವಾಗ ಬಂತು?"

"ನಂಗೆಲ್ಲಿ ಬರ್ತದೆ? ಸ್ಕೂಲು ಬಿಟ್ಟಮೇಲೆ ಎಲ್ಲಿಗೆ ಹೋಗಿದ್ರಿ ಅಂತ ಕೇಳಿದಾಗೆಲ್ಲ ನೀವು ಹೇಳಿದ ಕಥೆ ಕೇಳಿ ಕೇಳಿ ರೂಢಿ ಆಯ್ತು."

ಚಿತ್ರ ಈಗ ಮೂರನೆಯ ವಾರ ಓಡುತ್ತಿದೆ. ಮೈಕ್ ವಾಗ್ದೇವಿಯದು, ಪೋಸ್ಟರಿನಲ್ಲಿ ಅವಳ ಹೆಸರು ಅಣ್ಣನ ಹೆಸರಿಗಿಂತ ದಪ್ಪ ಅಕ್ಷರದಲ್ಲಿದೆ. ನನ್ನ ಕೆಲಸ ಅವಳ ಗಂಟಲಿಗೆ ಶುಂಠಿ ಕಷಾಯದ ಫ್ಲಾಸ್ಕ್ ಹೊರುವುದು. ನಿನ್ನೆ ಹಾಗೇ ಪರದೆಯ ಪಕ್ಕ ನಿಂತಿದ್ದೆ. ತಪ್ಪು ಗುಂಡಿ ಒತ್ತಿ ಇಡೀ ಪ್ರಯೋಗಶಾಲೆಯನ್ನು ಸುಟ್ಟುಹಾಕುವ ಒಬ್ಬ ಬೋಳುತಲೆಯ ವಿಜ್ಞಾನಿ ಬಂದ. ಮೊದಲ ಆಟದಲ್ಲಿ ನಾನು ಅವನನ್ನು ಮಹಾಮೇಧಾವಿ ಎಂದು ಪರಿಚಯಿಸಿದ್ದೆ.

"ಇವರು ಗಂಗಾನ ಭಾವ," ಎಂದಳು ವಾಗ್ದೇವಿ. "ಇಂಗ್ಲಿಷ್ ಮೇಷ್ಟ್ರು. ಎಲ್ಲ ಗೊತ್ತು ಅಂತಾರೆ. ಪಾಪ, ಒಳ್ಳೆಯವರೇ."

ಇಡೀ ಟಾಕೀಸು ಪರದೆ ಬಿಟ್ಟು ನನ್ನನ್ನು ನೋಡಿ ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವರು, ಇದೇ ಆಟವನ್ನು ಮೂರನೆಯ ಸಲ ನೋಡಲು ತೀರ್ಥಹಳ್ಳಿಯಿಂದ ಬಂದಿದ್ದ ನನ್ನ ಅತ್ತೆ.