ಸೀಟಿ ಊದಿ ಜಪಸರ

ಸೀಟಿ ಊದಿ ದೇವರ ಪ್ರಾರ್ಥನೆ ಶುರು ಮಾಡುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ನನ್ನ ದುರ್ದೈವ, ಅವನು ನನ್ನ ತಂಗಿಯ ಗಂಡ!

ಇಳಕಲ್ಲಿನಿಂದ ಹುನಗುಂದ, ಬಾಗಲಕೋಟೆ ಹಾದು ಬಾದಾಮಿಗೆ ಹೋಗುವ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ನಿವೃತ್ತಿಯ ದಿನ ಟಿಕೆಟ್ ಮಷೀನನ್ನು ವಾಪಸ್ ತೆಗೆದುಕೊಂಡರು, ಸೀಟಿ ಕೇಳುವುದನ್ನು ಮರೆತರು. ನಮ್ಮ ಕಷ್ಟ ಶುರುವಾದದ್ದು ಅಲ್ಲಿಂದ. ಈಗ ಇಳಕಲ್ಲಿನ ನಮ್ಮ ಪುಟ್ಟ ಚರ್ಚಿನ ಬಾಗಿಲು ತೆಗೆದು, ಕಸ ಹೊಡೆದು, ಮೇಣದ ಬತ್ತಿ ಹಚ್ಚುವ ಕೆಲಸ ಅವನದು. ಪೂಜೆಗೆ ಬಂದವರು ಬಾಗಿಲಲ್ಲಿ ನಿಂತರೆ ಮುಗಿಯಿತು. "ಒಳಗ ಸರೀರಿ, ಒಳಗ ಸರೀರಿ, ಮುಂದ ಜಾಗಾ ಖಾಲಿ ಐತಿ!"

ನಾನೋ, ಸಿಸ್ಟರುಗಳ ಬೋರ್ಡಿಂಗಿನಲ್ಲಿ ಗಂಟೆ ಬಾರಿಸಿದರೆ ಎದ್ದು, ಗಂಟೆ ಬಾರಿಸಿದರೆ ಉಂಡು ಬೆಳೆದವಳು. ಮುಂದೆ ಹೆಡ್ ಮಿಸ್ಟ್ರೆಸ್ ಆಗಿ ಆ ಗಂಟೆಯನ್ನು ನಾನೇ ಬಾರಿಸಿದವಳು. ಬಾಗಲಕೋಟೆ ವಿದ್ಯಾಗಿರಿಯ ನನ್ನ ಮನೆಯಲ್ಲಿ ಹಾಲು ಕೂಡ ಹೇಳಿದ ಹೊತ್ತಿಗೇ ಉಕ್ಕುತ್ತದೆ. ಇಂಥ ಮನೆಗೆ ಈ ಸೀಟಿ ಬಂದದ್ದು ಹೇಗೆ ಅಂತ ಕೇಳುತ್ತೀರಾ?

ತಂಗಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ದಿನವೂ ದವಾಖಾನೆಗೆ ಒಯ್ದು ವ್ಯಾಯಾಮ ಮಾಡಿಸಬೇಕೆಂದು ಅವಳನ್ನು ನಾನು ಕರೆದುಕೊಂಡು ಬಂದೆ. ಡಾಕ್ಟರು ಎರಡು ಮಾತು ಹೇಳಿದ್ದರು.

"ಅವರಿಗೆ ಎಲ್ಲಾ ತಿಳೀತೈತ್ರಿ, ನಾಲಿಗಿ ಅಷ್ಟ ಹೊಳ್ಳವಲ್ದು. ಈ ಕೆಲವು ತಿಂಗಳದಾಗ ಮಾತು ಬಂದ್ರ ಬಂತು, ಆಮ್ಯಾಲೆ ಕಷ್ಟ. ಇನ್ನೊಂದು, ಬಿ.ಪಿ. ಏರಬಾರದು."

ಮೊದಲನೆಯದು ದೇವರ ಕೈಯಲ್ಲಿತ್ತು. ಎರಡನೆಯದನ್ನು ಅಳೆಯುವ ಮಷೀನು ನನ್ನ ಕೈಯಲ್ಲಿತ್ತು. ಆದ್ದರಿಂದ ನಾನು ಎರಡನೆಯದನ್ನು ಹಿಡಿದುಕೊಂಡೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ.

ಜೊತೆಯಲ್ಲೇ ಬಂದಿದ್ದ ಅವನು ಮೂರು ದಿನ ಬೆಕ್ಕಿನ ಹಾಗೆ ಇದ್ದ. ನಾಲ್ಕನೆಯ ದಿನ ಬೆಳಿಗ್ಗೆ ವ್ಯಾಯಾಮದ ಹೊತ್ತಾಯಿತೆಂದು ಅವಳ ಮಂಚದ ಪಕ್ಕ ನಿಂತು ಸೀಟಿ ಊದಿದ! ತಂಗಿ ಬೆಚ್ಚಿಬಿದ್ದಳು. ಪಕ್ಕದ ಮನೆಯವರು ಎದ್ದು ಬಂದರು. ಬಿ.ಪಿ. ಎಷ್ಟಾಗಿತ್ತೆಂದು ನಾನು ಬರೆಯುವುದಿಲ್ಲ.

"ಏನಪಾ, ಇದೇನು ಬಸ್ ಸ್ಟ್ಯಾಂಡ್ ಅಂತ ತಿಳಿದಿ? ಊರಿಗೆ ಹೋಗು. ಚರ್ಚಿನ ಬಾಗಲಾ ತೆಗಿಯವರ್ಯಾರು ಅಲ್ಲಿ? ಐತವಾರಕ್ಕೊಮ್ಮೆ ಬಂದು ನೋಡಿ ಹೋಗು."

"ಆಗ್ಲಿ ಅಕ್ಕಾರ," ಅಂದ. ವಾದ ಮಾಡಲಿಲ್ಲ. ಚೀಲ ಹೆಗಲಿಗೇರಿಸಿ ಹೋದ.

ವಾರದೊಳಗೆ ಅವನು ಮೊಬೈಲಿನಲ್ಲಿ ಬಂದ! ಹಳೆಯ ಟಿಕೆಟ್ ಚೀಲದ ಪಟ್ಟಿಯಿಂದ ಫೋನನ್ನು ಚರ್ಚಿನ ಮೇಣದ ಬತ್ತಿ ಸ್ಟ್ಯಾಂಡಿಗೆ ಕಟ್ಟಿ, ದಿನಾ ಸಂಜೆ ಆರೂವರೆಗೆ ಜಪಸರದ ಲೈವ್ ವಿಡಿಯೋ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜಪಸರದಲ್ಲಿ ಐದು ರಹಸ್ಯ, ಒಂದೊಂದಕ್ಕೆ ಹತ್ತು ಮಣಿ. ಮಣಿಗೊಂದು 'ನಮೋ ಮರಿಯಾ'. ಆ ಪ್ರಾರ್ಥನೆಯಲ್ಲಿ ಮೊದಲರ್ಧ ಒಬ್ಬರು ಹೇಳಬೇಕು, 'ಸಂತ ಮರಿಯಾ' ಎಂದು ಶುರುವಾಗುವ ಉಳಿದರ್ಧವನ್ನು ಕೂತವರು ಹೇಳಬೇಕು.

ಪರದೆಯ ಮೇಲೆ ಮೊದಲು ಅವನ ಮೂಗು ಕಾಣುತ್ತಿತ್ತು. ಆಮೇಲೆ ಸೀಟಿ. "ಹತ್ರಿ ಹತ್ರಿ, ಮೊದಲ್ನೇ ರಹಸ್ಯ ಬಿಡಾಕತ್ತೇತಿ! ನಡುವ ಹತ್ತೋರು ಗದ್ಲಾ ಮಾಡಬ್ಯಾಡ್ರಿ!"

ನೋಡುವವರು ಯಾರು? ಕ್ರೈಸ್ತರಿಗಿಂತ ಹೆಚ್ಚಾಗಿ ಅವನ ಹಳೆಯ ಪ್ಯಾಸೆಂಜರುಗಳು! ಹುನಗುಂದದ ಒಬ್ಬ ಹಿರಿಯ ಶರಣರು ದಿನವೂ ತಪ್ಪದೆ 'ಶರಣು ಶರಣಾರ್ಥಿ' ಎಂದು ಬರೆಯುತ್ತಿದ್ದರು. "ಶರಣ್ರೀ ಯಜಮಾನ್ರ, ಕಿಡಕಿ ಕಡೆ ಕುಂಡ್ರಿ," ಅಂತ ಇವನ ಉತ್ತರ. ಪಟ್ಟದಕಲ್ಲಿನಲ್ಲಿ ಎಳನೀರು ಮಾರುವ ಹೆಣ್ಣುಮಗಳು, 'ನಮ್ಮೂರಿಗೆ ಯಾವಾಗ ಬರ್ತೈತ್ರಿ ಗಾಡಿ?' ಎಂದು ಕೇಳುತ್ತಿದ್ದಳು. "ನಾಕನೇ ರಹಸ್ಯ ಆದಮ್ಯಾಲೆ, ತಂಗೀ!"

ಇಷ್ಟಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅವನು ಮೊದಲರ್ಧ ಹೇಳಿ ನಿಲ್ಲುತ್ತಿದ್ದ. ಖಾಲಿ ಚರ್ಚು. ಉತ್ತರ ಹೇಳುವವರು ಒಬ್ಬರೂ ಇಲ್ಲ. ಆದರೂ ಮಣಿ ಹಿಡಿದು, ಬಾಯಿ ಮುಚ್ಚಿ, ಫೋನನ್ನೇ ನೋಡುತ್ತ ನಿಲ್ಲುವುದು! ಏಳೆಂಟು ಸೆಕೆಂಡಿನ ಪ್ರಾರ್ಥನೆಗೆ ಅವನು ಬಿಡುತ್ತಿದ್ದ ಜಾಗದಲ್ಲಿ ಅಡುಗೆಮನೆಯಲ್ಲಿ ನನ್ನದೊಂದು ಜೋಳದ ರೊಟ್ಟಿ ಬಡಿದು ಹಂಚಿಗೆ ಬೀಳುತ್ತಿತ್ತು. 'ಆವಾಜ್ ಬರವಲ್ದು ರೀ', 'ಆವಾಜ್ ಬರವಲ್ದು ರೀ' ಎಂದು ಜನ ಸಾಲಾಗಿ ಬರೆದರು. ಇಪ್ಪತ್ತು ನಿಮಿಷದ ಜಪಸರ ಒಂದು ತಾಸಾಯಿತು. ನನ್ನ ವೇಳಾಪಟ್ಟಿ ಹರಿದು ಹೋಯಿತು.

ಫಾದರ್ ಕೂಡ ಹೇಳಿ ನೋಡಿದರಂತೆ, ಎರಡೂ ಅರ್ಧ ನೀವೇ ಹೇಳಿಬಿಡಿ ಅಂತ. ಇವನ ಉತ್ತರ ಏನು ಗೊತ್ತೇ? "ಆಗೂದಿಲ್ರಿ ಫಾದರ್. ಒಬ್ಬರ ಸೀಟಿನ್ಯಾಗ ಇನ್ನೊಬ್ಬರು ಕುಂಡ್ರೂದು ನನ್ನ ಗಾಡ್ಯಾಗ ನಡ್ಯಾಂಗಿಲ್ಲ."

ಇಂಥವನಿಗೆ ಏನು ಹೇಳುತ್ತೀರಿ!

ಚಿಂತೆಯ ಸಂಗತಿ ಬೇರೆಯೇ ಇತ್ತು. ತಂಗಿಯ ಮಂಚದ ಮುಂದಿನ ಸ್ಟೂಲಿನ ಮೇಲೆ ಫೋನನ್ನು ನೀರಿನ ತಂಬಿಗೆಗೆ ಆನಿಸಿಟ್ಟು ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಏಳೂವರೆಗೆ ಬಂದು ನೋಡಿದರೆ ಅವಳ ಮುಖ ಕೆಂಪು, ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ಬಿ.ಪಿ. ಏರಿರುತ್ತಿತ್ತು. ಆ ಖಾಲಿ ಮೌನ ಅವಳನ್ನು ಹಿಂಸಿಸುತ್ತಿದೆ, ಮಾತಿಲ್ಲದವಳಿಗೆ ಮಾತಿನ ಜಾಗ ತೋರಿಸಿ ಅಳಿಸುವುದು ಇದೆಂಥ ಭಕ್ತಿ ಎಂದು ನನಗೆ ಮೈ ಉರಿಯುತ್ತಿತ್ತು.

ಭಾನುವಾರ ಬರುತ್ತಿದ್ದನಲ್ಲ, ಆಗಲಾದರೂ ಸರಿಯಾಗಿ ಕೂತನೇ? ಬಾಗಿಲಿಗೆ ಬೆನ್ನು ಮಾಡಿ, ಅವಳ ಎದುರಿಗೆ ಕೂತು, ಮತ್ತೆ ಮತ್ತೆ ಕೈಗಡಿಯಾರ ಎತ್ತಿ ನೋಡಿಕೊಳ್ಳುತ್ತಿದ್ದ. ಅಂಗೈ ಮೇಲೆ ಪೆನ್ನಿನಿಂದ ಏನೋ ಬರೆದುಕೊಳ್ಳುತ್ತಿದ್ದ.

"ಹೊಳ್ಳಿ ಹೋಗೋ ಬಸ್ಸಿನ ಚಿಂತೀನ ಇಷ್ಟಿದ್ರ ಯಾಕ ಬರ್ತಿ ನೀ?" ಎಂದು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ.

"ಟೈಮ್ ಕೀಪಿಂಗ್ ರೀ ಅಕ್ಕಾರ," ಎಂದು ನಕ್ಕ.

ನನ್ನ ಬೈಗುಳಕ್ಕೆ ಸ್ವಲ್ಪ ಫಲ ಸಿಕ್ಕಿತು ಅನ್ನಿ. ವಾರ ಕಳೆದಂತೆ ಅವನ ಮೌನ ಚಿಕ್ಕದಾಯಿತು. ಒಂದು ರೊಟ್ಟಿಯಿಂದ ಮುಕ್ಕಾಲು ರೊಟ್ಟಿಗೆ, ಮುಕ್ಕಾಲಿನಿಂದ ಅರ್ಧ ರೊಟ್ಟಿಗೆ ಇಳಿಯಿತು. ಕಡೆಗೂ ಶಿಸ್ತು ಕಲಿತ ಎಂದು ನಾನು ಬೀಗಿದೆ. ಆದರೆ ತಂಗಿಯ ಬೆವರು ನಿಲ್ಲಲಿಲ್ಲ. ಒಂದು ಸಂಜೆ ಬಿ.ಪಿ. ತೀರಾ ಏರಿದಾಗ ನಾನು ಫೋನ್ ಮಾಡಿದೆ.

"ಶನಿವಾರ ಕಡೀದು. ಆಮ್ಯಾಲೆ ನಿನ್ನ ವಿಡಿಯೋ ಈ ಮನಿಯಾಗ ಹಚ್ಚೂದಿಲ್ಲ."

"ಅಕ್ಕಾರ, ಇನ್ನ ನಾಕ ಸ್ಟಾಪ್ ಅದಾವ್ರಿ. ನಡುವ ಇಳಿಸಬ್ಯಾಡ್ರಿ," ಅಂದ.

"ಇಳಿಸ್ತೇನಿ," ಅಂದೆ.

ಶನಿವಾರ ಸಂಜೆ ಗಾಳಿ ಎದ್ದಿತ್ತು. ಎರಡು ರಹಸ್ಯ ಮುಗಿದವು. ಮೂರನೆಯದರ ಆರು ಮಣಿ ಆದವು. ಏಳನೆಯ 'ನಮೋ ಮರಿಯಾ' ಶುರುವಾಯಿತು, ಮತ್ತೆ ಸದ್ದಿಲ್ಲ. ಅರ್ಧ ರೊಟ್ಟಿ ಆಯಿತು. ಒಂದು ರೊಟ್ಟಿ ಆಯಿತು. ಎರಡನೆಯದನ್ನು ಬಡಿಯುವಾಗ ನನ್ನ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಓಡಿದೆ.

ಪರದೆಯ ಮೇಲೆ ಅವನು ಬಾಯಿ ತೆರೆದು ಕಲ್ಲಾಗಿದ್ದ. ನೆಟ್‌ವರ್ಕ್ ಹೋಗಿತ್ತು. ತಂಗಿ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದಳು. ಮುಖ ಕೆಂಡವಾಗಿತ್ತು. ಅವನಿಗೆ ಫೋನ್ ಮಾಡಿದೆ, ಹತ್ತಲಿಲ್ಲ. ಮತ್ತೆ ಮಾಡಿದೆ. ಅವಳು ನನ್ನ ಸೆರಗು ಹಿಡಿದು ಪರದೆಯ ಕಡೆಗೆ ಎಳೆದಳು, ಎಳೆದೇ ಎಳೆದಳು. ಏನು ಮಾಡಲಿ? ಅವಳನ್ನು ಸುಮ್ಮನಾಗಿಸಲು ಬೇರೆ ದಾರಿ ಕಾಣದೆ ಏಳನೆಯ ಮಣಿಯ ಮೊದಲರ್ಧವನ್ನು ನಾನೇ ಹೇಳಿದೆ. ಹೇಳಿ ನಿಲ್ಲಿಸಿದೆ.

ಅವಳ ಕೈ ಬಡಿಯುವುದನ್ನು ನಿಲ್ಲಿಸಿತು. ತುಟಿಗಳು ಓರೆಯಾಗಿ ಕೂಡಿದವು. ಕುತ್ತಿಗೆಯ ನರ ಉಬ್ಬಿತು. ಹಣೆಯ ಮೇಲೆ ಬೆವರು ಮೂಡಿತು. "ಸಂ..." ಅಂದಳು. ಉಸಿರು ತೆಗೆದುಕೊಂಡಳು. "...ತ." ಆಮೇಲೆ, ಉಸಿರಿಗಿಂತ ಸ್ವಲ್ಪ ಗಟ್ಟಿಯಾಗಿ, "ಮರಿಯಾ." ರೊಟ್ಟಿ ಬಡಿಯುವ ಸಪ್ಪಳದ ಆಚೆಗೆ ಎಂದೂ ಕೇಳಿಸದಂಥ ದನಿ. ಒಂದೊಂದೇ ಅಕ್ಷರವನ್ನು ಕಿತ್ತು ತರುತ್ತ ಅವಳು ಪ್ರಾರ್ಥನೆಯ ಕೊನೆಯವರೆಗೂ ಹೋದಳು. ಅಭ್ಯಾಸಬಲದಿಂದ ನಾನು ಗೋಡೆಯ ಗಡಿಯಾರ ನೋಡಿದ್ದೆ. ಅವಳಿಗೆ ಹಿಡಿದದ್ದು ಸರಿಯಾಗಿ ಅರ್ಧ ರೊಟ್ಟಿಯ ಹೊತ್ತು.

ಅರ್ಧ ರೊಟ್ಟಿ!

ಮದುವೆಯಾದಂದಿನಿಂದ ಪ್ರತಿ ಸಂಜೆ ಅವನು ಮೊದಲರ್ಧ, ಅವಳು ಉಳಿದರ್ಧ. ಭಾನುವಾರ ಕೈಗಡಿಯಾರ ನೋಡಿ ಅಂಗೈ ಮೇಲೆ ಬರೆದುಕೊಂಡು ಹೋಗುತ್ತಿದ್ದದ್ದು ಬಸ್ಸಿನ ಹೊತ್ತನ್ನಲ್ಲ, ಅವಳ ಉಳಿದರ್ಧಕ್ಕೆ ಹಿಡಿಯುವ ಹೊತ್ತನ್ನು. ಚಿಕ್ಕದಾಗುತ್ತ ಬಂದದ್ದು ನನ್ನ ಬೈಗುಳದಿಂದಲೂ ಅಲ್ಲ. ನಾನು ಅಳೆದು ಅಳೆದು ಬರೆದಿಟ್ಟ ಬಿ.ಪಿ. ಅವಳ ದುಃಖದ್ದಲ್ಲ, ದುಡಿಮೆಯದ್ದು.

ಎಂಟನೆಯ ಮಣಿಗೂ ನಾನು ಮೊದಲರ್ಧ ಹೇಳಿದೆ. ಜೀವಮಾನದಲ್ಲಿ ಯಾರಿಗೂ ಕಾಯದವಳು ಕಾದೆ. ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಸೀಯಲಿ.

ಪರದೆ ಅಲುಗಿತು. "ಗಾಡಿ ಪಂಚರ್ ಆಗಿತ್ರಿ, ತಪ್ಪು ತಿಳಕೋಬ್ಯಾಡ್ರಿ," ಎಂದು ಅವನು ಗಾಬರಿಯಲ್ಲಿ ಹೇಳುತ್ತಿದ್ದ. "ಎಷ್ಟನೇ ಮಣಿ ಆಗಿತ್ರಿ? ಯಾರರ ಹೇಳ್ರಿ!"

ಹಿಟ್ಟಿನ ಬೆರಳಿನಿಂದ ನಾನು ಮೊದಲ ಸಲ ಆ ವಿಡಿಯೋದ ಕೆಳಗೆ ಬರೆದೆ: 'ಮೂರನೇ ರಹಸ್ಯ, ಎಂಟು ಮಣಿ ಮುಗಿದವು. ಆಕಿ ಸೀಟು ಖಾಲಿ ಇಲ್ಲ. ನಾಳೆ ಬಂದು ಇಲ್ಲೇ ಇರು. ಸೀಟಿ ತಗೊಂಡು ಬಾ.'

ಅವನು ಫೋನಿನ ಹತ್ತಿರ ಬಗ್ಗಿ ಓದಿದ. ಎರಡು ಸಲ ಓದಿದ. ಸೀಟಿಯನ್ನು ಬಾಯಿಗೆ ಇಟ್ಟುಕೊಂಡ. ಗಲ್ಲ ಉಬ್ಬಿದವು, ನಡುಗಿದವು.

ಹುನಗುಂದದ ಶರಣರು ತಕ್ಷಣ ಬರೆದರು: 'ಆವಾಜ್ ಬರವಲ್ದು ರೀ, ಕಂಡಕ್ಟರ್ ಸಾಹೇಬ್ರ.'