ಖಾಲಿ ಜಾಗ ತಪ್ಪಿದೆ, ಸರಿಮಾಡಿ ಕಳಿಸಿ

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅದಕ್ಕೇ ಏನೋ, ಇಂಥ ಪ್ರಸಂಗಗಳು ನನ್ನ ಅಂಗಡಿ ಹುಡುಕಿಕೊಂಡೇ ಬರುತ್ತವೆ. ಕಿಬ್ಬನಹಳ್ಳಿಯಲ್ಲಿ ಬಸ್ ನಿಲ್ಲುವ ಕಡೆ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಅಲ್ಲಿ ನಾನು ಬಳಸುವ ತಂತ್ರಾಂಶ ಪುಕ್ಕಟೆಯದು. ಅದರ ಕೋಡನ್ನು ಯಾರು ಬೇಕಾದರೂ ತಿದ್ದಿ ಇಮೇಲ್ ಮಾಡಬಹುದು. ಅದನ್ನು ನೋಡಿಕೊಳ್ಳುವ ಜರ್ಮನಿಯ ಯಜಮಾನರು ಒಪ್ಪಿದರೆ ಸೇರಿಸಿಕೊಳ್ಳುತ್ತಾರೆ.

೧. ಒತ್ತು ಎಲ್ಲಿ?

ಆ ತಂತ್ರಾಂಶಕ್ಕೊಂದು ರೋಗವಿತ್ತು. ಪುಟದ ಕೊನೆ ಸಾಲಿನ ಒತ್ತಕ್ಷರಗಳನ್ನೆಲ್ಲ ನುಂಗಿಬಿಡುತ್ತಿತ್ತು. ಕೊಬ್ಬರಿ ವ್ಯಾಪಾರದವರೊಬ್ಬರು ಮಾಡಿಸಿದ ಕರಪತ್ರದಲ್ಲಿ ಶೆಟ್ಟಿಕೆರೆ ಹೋಗಿ ‘ಶೆಟಿಕೆರೆ’ ಆಯಿತು.

“ನಮ್ಮೂರಿನ ಒತ್ತು ಎಲ್ಲಿಗೋಯ್ತಮ್ಮ?”

“ಪೆನ್ನಲ್ಲಿ ಹಾಕಿಬಿಡೋಣ ಅಣ್ಣ,” ಎಂದೆ. ಇಬ್ಬರೂ ಕೂತು ಒಂದೊಂದು ಕರಪತ್ರಕ್ಕೂ ಒತ್ತು ಹಾಕಿದೆವು. ಎದ್ದು ಬೆರಳು ನೆಟಿಕೆ ಮುರಿಯುತ್ತಾ ಅವರು ಹೇಳಿದರು: “ಕಂಪ್ಯೂಟರಲ್ಲಾದ್ರೆ ಬೇಗ ಆಯ್ತದೆ ಅಂತ ಬಂದೆ ತಾಯಿ. ನನ್ ಕೈಲೇ ಬರೆಸ್ಬುಟ್ಟೆ!”

೨. ಬರೆಯದ ತಪ್ಪು

ಅವತ್ತಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಿಸಿಎ ಓದಿದ್ದು ಯಾತಕ್ಕೆ? ಕೋಡಿನಲ್ಲಿ ತಪ್ಪಿದ್ದ ಸಾಲು ಹುಡುಕಿ, ತಿದ್ದಿ, ಮೇಲ್ ಮಾಡಿದೆ. ಯಜಮಾನರ ಉತ್ತರ ಬಂತು: ‘ಕೋಡಿನ ಸಾಲುಗಳ ಆರಂಭದಲ್ಲಿ ಬಿಡುವ ಖಾಲಿ ಜಾಗ ನಿಮ್ಮ ಮೇಲ್‌ನಲ್ಲಿ ಕೆಟ್ಟಿದೆ. ಸರಿಮಾಡಿ ಕಳಿಸಿ.’

ಅಂಗಡಿ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದವಳನ್ನು ಪಕ್ಕದ ಟೀ ಅಂಗಡಿಯವನು ಕೇಳಿದ, “ಏನಾಯ್ತಕ್ಕ?”

“ಖಾಲಿ ಜಾಗ ತಪ್ಪಂತೆ ಕಣಪ್ಪ.”

ಅವನು ಟೀ ಸೋಸುವುದನ್ನೇ ನಿಲ್ಲಿಸಿದ. “ಬರೆದಿದ್ದು ತಪ್ಪಾದ್ರೆ ಸರಿ ಅನ್ನು. ಬರೀದೆ ಬಿಟ್ಟಿದ್ರಲ್ಲೂ ತಪ್ಪು ಹುಡುಕೋ ಮೇಷ್ಟ್ರ ಹತ್ರ ಪಾಸಾಗೋದು ಕಷ್ಟ ಬುಡಕ್ಕ.”

೩. ದೂರದ ಸಂಬಂಧ

ಸರಿಮಾಡಿ ಮತ್ತೆ ಕಳಿಸಿದೆ. ಈ ಸಲ ಉತ್ತರವೇ ಇಲ್ಲ. ಬೆಳ್ಳುಳ್ಳಿ ಬಿಡಿಸುವಾಗಲೂ ಫೋನು, ಬಸ್ಸಲ್ಲೂ ಫೋನು. ಬಿಳಿಗೆರೆಯಲ್ಲಿ ನಾದಿನಿಯ ಸೀಮಂತಕ್ಕೆ ಹೋದಾಗಲೂ ಸೆರಗಿನ ಮರೆಯಲ್ಲಿ ಫೋನೇ.

ಪಕ್ಕ ಕೂತಿದ್ದ ದೊಡ್ಡಮ್ಮ ನನ್ನ ಗಂಡನನ್ನು ಕೇಳಿದರು, “ಯಾಕ್ಲಾ, ನಿನ್ನೆಂಡ್ತಿ ಹಿಂಗೆ ಚಡಪಡಿಸ್ತಾವ್ಳೆ?”

“ಇವಳು ಕಳಿಸಿದ್ದನ್ನ ಜರ್ಮನಿಯೋರು ಒಪ್ಪಿದ್ರೋ ಇಲ್ವೋ ಅಂತ ಕಾಯ್ತಾವ್ಳೆ ದೊಡ್ಡಮ್ಮ.”

ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು. “ಯಾರ ಜಾತಕ ಕಳ್ಸಿದ್ಯೋ ಏನೋ, ಆ ಸಂಬಂಧ ಬ್ಯಾಡ ಕಣೇ. ಈಗ್ಲೇ ಇಷ್ಟು ಕಾಯ್ಸೋರು ಮದ್ವೆ ಆದ್ಮೇಲೆ ಮಾತಾಡ್ತಾರಾ?”

೪. ಸಕುಟುಂಬ ಸಮೇತ

ಕೊನೆಗೆ ಜರ್ಮನಿಯ ಯಜಮಾನರು ಬರೆದರು: ‘ತಿದ್ದುಪಡಿ ಸರಿಯಿದೆ. ಏನು ತಿದ್ದಿದ್ದೀರೆಂದು ಒಂದು ವಿವರಣೆ ಸೇರಿಸಿ ಬಳಗದ ಎಲ್ಲರಿಗೂ ಕಳಿಸಿ.’ ಬಳಗವೆಂದರೆ ಈ ತಂತ್ರಾಂಶವನ್ನು ತಿದ್ದುವ ಊರೂರಿನ, ದೇಶದೇಶದ ಜನ.

ಅದೇ ಹೊತ್ತಿಗೆ ಮೊಮ್ಮಗಳ ನಾಮಕರಣದ ಕರೆಯೋಲೆ ಮಾಡಿಸಲು ಬಂದ ಅಜ್ಜಿಯೊಬ್ಬರು ತಲೆ ಮೇಲೆ ನಿಂತಿದ್ದರು. “ಬೇಗ ಮಾಡವ್ವ, ಬಸ್ ಬತ್ತದೆ!” ಅವರದನ್ನು ಟೈಪ್ ಮಾಡುತ್ತಲೇ ಆತುರ ತಡೆಯದೆ ನನ್ನ ಇಮೇಲನ್ನೂ ಕಳಿಸಿಬಿಟ್ಟೆ. ಆಮೇಲೆ ನೋಡುತ್ತೇನೆ, ವಿವರಣೆಯ ಜಾಗದಲ್ಲಿ ಅಜ್ಜಿಯ ಕರೆಯೋಲೆ ಕೂತಿದೆ! ‘ತಾವು ಸಕುಟುಂಬ ಸಮೇತರಾಗಿ ಆಗಮಿಸಿ, ಮಗುವನ್ನು ಆಶೀರ್ವದಿಸಿ, ಭೋಜನ ಸ್ವೀಕರಿಸಬೇಕಾಗಿ ವಿನಂತಿ.’

ಕಳಿಸಿದ ಮೇಲ್ ವಾಪಸ್ ಬರುವುದಿಲ್ಲ. ಕರೆಯೋಲೆಗಳು ಪ್ರಿಂಟಾಗಿ ಮುಗಿಯುವಷ್ಟರಲ್ಲಿ ಯಜಮಾನರ ಉತ್ತರ ಬಂದೇ ಬಿಟ್ಟಿತು: ‘ಅನುವಾದ ಮಾಡಿಕೊಂಡು ಓದಿದೆ. ಮಗುವಿಗೆ ಶುಭವಾಗಲಿ. ಊಟಕ್ಕೆ ಬರಲಾಗುವುದಿಲ್ಲ, ಕ್ಷಮಿಸಿ. ತಿದ್ದುಪಡಿ ಸೇರಿಸಿಕೊಂಡಿದ್ದೇನೆ. ವಿವರಣೆಯನ್ನು ನಾನೇ ಬರೆದುಕೊಂಡೆ.’

ಕೂತಿದ್ದ ಕುರ್ಚಿಯಿಂದ ಎಗರಿಬಿಟ್ಟೆ. ಅಜ್ಜಿ ಗಾಬರಿಯಾದರು. ಮುಚ್ಚಿಡುವುದು ಸರಿಯಲ್ಲವೆಂದು ಹೇಳಿಯೇಬಿಟ್ಟೆ, “ನಿಮ್ಮ ಕರೆಯೋಲೆ ಕೈತಪ್ಪಿ ದೇಶವಿದೇಶದೋರಿಗೆಲ್ಲ ಹೋಯ್ತು ಅಜ್ಜಿ. ಒಬ್ರು ಬರಕ್ಕಾಗಲ್ಲ ಅಂತ ಉತ್ತರಾನೂ ಬರೆದವ್ರೆ.”

ಬೈಯುತ್ತಾರೆಂದುಕೊಂಡಿದ್ದೆ. ಅಜ್ಜಿ ಹೊರಡಲು ಎತ್ತಿಕೊಂಡಿದ್ದ ಚೀಲ ಕೆಳಗಿಟ್ಟರು.

“ಬರಲ್ಲ ಅಂದೋರು ಒಬ್ರೇನಾ?”

“ಹೂಂ ಅಜ್ಜಿ.”

“ಅಂಗಾದ್ರೆ ಮಿಕ್ಕೋರೆಲ್ಲ ಬತ್ತಾರೆ. ಫೋನ್ ಕೊಡವ್ವ ಇಲ್ಲಿ, ಅಡುಗೆಯೋನಿಗೆ ಹೇಳ್ಬೇಕು!”