ಮಸೋರ್ಕಾ ಪೊರೆ ಬಿಟ್ಟ ದಿನ

"ಇವತ್ತು ಸೂರ್ಯ ಮುಳುಗೋದರೊಳಗೆ ಈ ಪೊರೆ ತಲೆಯಿಂದ ಬಾಲದವರೆಗೆ ಕಳಚಿ ಬರದಿದ್ರೆ ನನ್ನ ಹೆಸರು ಎವೋದಿಯೋ ಅಲ್ಲ!"

ಫೆಬ್ರವರಿ ಒಂದರ ಬೆಳಗ್ಗೆ ಕಾಫಿ ಕಪ್ಪನ್ನು ಮೇಜಿಗೆ ಕುಟ್ಟಿ ದೋನ್ ಎವೋದಿಯೋ ಹೀಗೆ ಸಾರಿದರು. ಎದುರಿಗಿದ್ದ ಶ್ರೋತೃಗಳು ಎರಡೇ. ಒಬ್ಬರು ಹೆಂಡತಿ ಒತಿಲಿಯಾ. ಇನ್ನೊಂದು, ಗಾಜಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿದ್ದ ಮಸೋರ್ಕಾ. ಜೋಳದ ತೆನೆ ಎಂದು ಆ ಹೆಸರಿನ ಅರ್ಥ. ಏಳು ತಿಂಗಳ, ಒಂದೂವರೆ ಅಡಿ ಉದ್ದದ ಹಾವಿನ ಮರಿ. ಹಳದಿ ಮೈ, ಕಪ್ಪು ಮಚ್ಚೆ, ವಿಷವಿಲ್ಲ. ಕಿವಿಯೂ ಇಲ್ಲವಾದ್ದರಿಂದ ಘೋಷಣೆ ಅದನ್ನು ತಲುಪಲಿಲ್ಲ. ಒತಿಲಿಯಾಳನ್ನು ತಲುಪಿತು.

"ಹೆಸರು ಬದಲಾಯಿಸೋಕೆ ನೋಟರಿ ಹತ್ರ ಹೋಗ್ಬೇಕು, ಮೇಷ್ಟ್ರೇ. ಇವತ್ತೇ ಹೊರಡಬೇಡಿ. ನಾಳೆಗೆ ಎಂಬತ್ತು ತಮಾಲೆ ಆಗ್ಬೇಕು."

ತಮಾಲೆ ಎಂದರೆ ತೆನೆಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಜೋಳದ ಹಿಟ್ಟಿನ ಕಡುಬು. ಈ ಎಂಬತ್ತಕ್ಕೂ ಎವೋದಿಯೋ ಅವರೇ ಕಾರಣ. ಜನವರಿ ಆರರ ಹಬ್ಬದ ರೊಟ್ಟಿಯಲ್ಲಿ ಅಡಗಿಸಿಟ್ಟ ಪುಟ್ಟ ಗೊಂಬೆ ಯಾರ ಪಾಲಿಗೆ ಬರುತ್ತದೋ ಅವರು ಫೆಬ್ರವರಿ ಎರಡಕ್ಕೆ ಬಂಧುಬಳಗಕ್ಕೆಲ್ಲ ತಮಾಲೆ ತಿನ್ನಿಸಬೇಕು. ಗೊಂಬೆ ಬಂದದ್ದು ಇವರ ತುಂಡಿನಲ್ಲಿ. ಅದನ್ನು ಕೆನ್ನೆಯೊಳಗೆ ಬಚ್ಚಿಟ್ಟುಕೊಂಡು ಗಂಭೀರವಾಗಿ ಕುಳಿತಿದ್ದರು. "ಭಾವಾ, ಹಲ್ಲುನೋವಾ?" ಎಂದು ನಾದಿನಿ ದೊಮಿತಿಲಾ ಕೇಳಿದಾಗ ನಗು ತಡೆಯಲಾಗದೆ ಗೊಂಬೆ ಉದುರಿ ತಟ್ಟೆಗೆ ಬಿತ್ತು!

ಇರಲಿ. ಹಾವಿನ ವಿಷಯ ಹೀಗೆ. ಮೆಕ್ಸಿಕೋದ ಚೋಲುಲಾ ಊರಿನ ಚಳಿಗಾಲ ಎಂದರೆ ತುಟಿ ಒಡೆಯುವ, ಬಾಗಿಲು ಬಿರುಕು ಬಿಡುವ ಒಣಗಾಳಿ. ಮಸೋರ್ಕಾ ಪೊರೆ ಬಿಡಲು ಹೊರಟು ಕುತ್ತಿಗೆಯ ಹತ್ತಿರವೇ ಸಿಕ್ಕಿಕೊಂಡಿತ್ತು. ಇಕ್ಕಟ್ಟಾದ ಸ್ವೆಟರನ್ನು ಅರ್ಧ ಬಿಚ್ಚಿ ಸೋತ ಮಗುವಿನಂತೆ. ಮೈಮೇಲೆ ಅಲ್ಲಲ್ಲಿ ಹಳೆಯ ಚರ್ಮದ ತೇಪೆ. ಬಾಲದ ತುದಿಗೆ ಉಂಗುರ ಬಿಗಿದಂತೆ ಮೂರು ಸುತ್ತು. ಪಶುವೈದ್ಯೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು: "ಆ ಉಂಗುರ ನಾಳೆಯೊಳಗೆ ಬಿಡದಿದ್ರೆ ರಕ್ತ ಓಡದೆ ಬಾಲದ ತುದಿ ಒಣಗಿ ಉದುರುತ್ತೆ. ಕೈಯಿಂದ ಎಳೀಬೇಡಿ. ಬೆಚ್ಚಗಿಡಿ, ಒದ್ದೆಯಲ್ಲಿಡಿ. ಕಣ್ಣಿನ ಮೇಲಿನ ಪೊರೆ ಬಿಟ್ಟಿದೆಯಾ ಅಂತ ನೋಡಿ. ಉಜ್ಜಿಕೊಳ್ಳೋಕೆ ಏನಾದ್ರೂ ಒರಟಾಗಿರೋದು ಕೊಡಿ." ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ ಎವೋದಿಯೋ ಎಲ್ಲವನ್ನೂ ಶಿಸ್ತಾಗಿ ಬರೆದುಕೊಂಡರು. ಕೊನೆಯ ವಾಕ್ಯದ ಹೊತ್ತಿಗೆ ಮಾತ್ರ, ಮೊದಲಿನವುಗಳಿಗೆ ಗೆರೆ ಎಳೆಯಲು ಕೆಂಪು ಪೆನ್ನು ಹುಡುಕುತ್ತಿದ್ದರು.

ಭೂತಗನ್ನಡಿ ಹಿಡಿದು ನೋಡಿದರು. ಎರಡೂ ಕಣ್ಣಿನ ಮೇಲೆ ಮಂಜು ಕವಿದಂತೆ ಪೊರೆ! ಸಂಕಟ ಇಮ್ಮಡಿಯಾಯಿತು. ಛಲವೂ ಇಮ್ಮಡಿಯಾಯಿತು.

ಮೊದಲನೆಯ ಪ್ರಯೋಗ: ಬೆಚ್ಚನೆಯ ನೀರಿನ ಬೋಗುಣಿ. ಮಸೋರ್ಕಾ ಎರಡು ಸುತ್ತು ಈಜಿ, ನಲ್ಲಿಯನ್ನು ತಬ್ಬಿಕೊಂಡು, ಬಿಡಿಸಿದಷ್ಟೂ ಬಿಗಿಯಿತು. ಎರಡನೆಯದು: ಒದ್ದೆ ಹತ್ತಿಯ ಹಾಸಿಗೆ, ಮೇಲೆ ರೇಷ್ಮೆ ಕರವಸ್ತ್ರದ ಹೊದಿಕೆ. ಹತ್ತೇ ನಿಮಿಷದಲ್ಲಿ ಹಾಸಿಗೆ ಮಂಜುಗಡ್ಡೆಯಾಯಿತು. ಮೂರನೆಯದು ಬಿಸಿನೀರಿನ ರಬ್ಬರ್ ಚೀಲ. ಅದರ ಬಿರಟೆ ಬಿಚ್ಚಿಕೊಂಡು ಪೊರೆಯ ಬದಲು ಎವೋದಿಯೋ ಅವರ ಪಾದದ ಚರ್ಮ ಸುಲಿಯುವುದೊಂದು ಬಾಕಿ.

"ಬಾಲ ಹೋದ್ರೆ ಹೋಯ್ತು ಬಿಡಿ. ಹಾವಿಗೆ ಬಾಲ ಎಲ್ಲಿ ಶುರುವಾಗುತ್ತೆ ಅಂತ ಯಾರಿಗೆ ಗೊತ್ತು?" ಎಂದಳು ಒತಿಲಿಯಾ, ಹಿಟ್ಟಿನ ಗಿರಣಿಗೆ ಹೊರಡುತ್ತ. "ಒಂದು ಮಾತು ನೆನಪಿರ್ಲಿ. ಅದು ನನ್ನ ಅಡುಗೆಮನೆಗೆ ಕಾಲಿಟ್ರೆ ಅದೂ ಹೊರಗೆ, ನೀವೂ ಹೊರಗೆ."

"ಹಾವಿಗೆ ಕಾಲಿಲ್ಲ, ಒತಿಲಿಯಾ."

"ನಿಮಗಿದೆಯಲ್ಲ!"

ಬಾಗಿಲು ಮುಚ್ಚಿದ ಮರುಕ್ಷಣ ಎವೋದಿಯೋ ಅವರ ಕಣ್ಣು ಅಡುಗೆಮನೆಯ ಒಲೆಯ ಮೇಲೆ ಬಿತ್ತು. ಅಲ್ಲಿ ಕುಳಿತಿತ್ತು ತಮಾಲೆ ಬೇಯಿಸುವ ಮಹಾ ಹಬೆಪಾತ್ರೆ! ತಳದಲ್ಲಿ ನೀರು, ನಡುವೆ ತೂತಿನ ತಟ್ಟೆ, ಮೇಲೆ ಮುಚ್ಚಳ. ಬೆಚ್ಚಗೆ, ಒದ್ದೆಯಾಗಿ! ಇಡೀ ಮೆಕ್ಸಿಕೋ ಸಾವಿರ ವರ್ಷದಿಂದ ಹಾವಿನ ಪೊರೆಗೆಂದೇ ಈ ಪಾತ್ರೆಯನ್ನು ತಿದ್ದಿ ತೀಡಿ, ಬಳಸಿದ್ದು ಮಾತ್ರ ತಪ್ಪು ಕೆಲಸಕ್ಕೆ ಎಂದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಬೆರಳು ಅದ್ದಿ ಉಗುರುಬೆಚ್ಚಗಿನ ನೀರು ಸುರಿದರು. ತಟ್ಟೆಯ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಮಸೋರ್ಕಾ. ಮುಚ್ಚಳ ಮುಚ್ಚಿ, ಸಂದಿಗೆ ಚಮಚ ಸಿಕ್ಕಿಸಿ ಗಾಳಿಗೆ ದಾರಿ ಮಾಡಿದರು. ಒಲೆ ಹಚ್ಚಲಿಲ್ಲ, ಅಷ್ಟು ವಿವೇಕವಿತ್ತು. ಭೂತಗನ್ನಡಿ ತರಲು ಒಳಕೋಣೆಗೆ ಹೋದರು.

ಅದೇ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ದೊಮಿತಿಲಾ ಬಂದಳು. ಕಂಕುಳಲ್ಲಿ ತಮಾಲೆ ಸುತ್ತಲು ಒಣ ತೆನೆಸಿಪ್ಪೆಯ ದೊಡ್ಡ ಕಟ್ಟು. ಅದನ್ನು ಮೇಜಿನ ಮೇಲೆ ಬಿಚ್ಚಿ ಹರಡಿ ನಿಂತವಳಿಗೆ ಹಬೆಪಾತ್ರೆಯೊಳಗಿಂದ ಸದ್ದು ಕೇಳಿಸಿತು: ಟಣಟಣಟಣ!

ತಮಾಲೆ ಬೇಯಿಸುವವರು ಪಾತ್ರೆಯ ತಳದ ನೀರಿಗೆ ಒಂದು ನಾಣ್ಯ ಹಾಕುತ್ತಾರೆ. ನೀರು ಕುದಿಯುವಷ್ಟು ಹೊತ್ತು ಅದು ಟಣಗುಡುತ್ತದೆ. ಸದ್ದು ನಿಂತರೆ ನೀರು ಬತ್ತಿತೆಂದು ಲೆಕ್ಕ. ಮಸೋರ್ಕಾದ ಜಾತಿಯ ಹಾವಿಗೆ ಸಿಟ್ಟು ಬಂದರೆ ಬಾಲ ಅದುರಿಸುವ ಚಾಳಿ. ಒಣಪೊರೆಯ ಉಂಗುರ ತೊಟ್ಟ ಬಾಲ ಅಲ್ಯೂಮಿನಿಯಂ ಗೋಡೆಗೆ ಬಡಿದರೆ ಬರುವ ಸದ್ದಿಗೂ ಕುಣಿಯುವ ನಾಣ್ಯದ ಸದ್ದಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ!

"ಅಕ್ಕ ಆಗ್ಲೇ ನೀರಿಟ್ಟಿದ್ದಾಳೆ! ಅಯ್ಯೋ, ಒಲೆ ಆರಿಹೋಗಿದೆ," ಎಂದುಕೊಂಡಳು ದೊಮಿತಿಲಾ. ಆರಿದ ಒಲೆಯ ಮೇಲೆ ನೀರು ಹೇಗೆ ಕುದಿಯುತ್ತಿದೆ ಎಂಬ ಪ್ರಶ್ನೆ ಅವಳನ್ನು ಕಾಡಲಿಲ್ಲ. ಚಮಚ ತೆಗೆದು ಮುಚ್ಚಳ ಭದ್ರ ಮಾಡಿ, ಒಲೆ ಹಚ್ಚಿದಳು.

ಎವೋದಿಯೋ ಬಂದು ನೋಡುತ್ತಾರೆ: ಪಾತ್ರೆಯ ಕೆಳಗೆ ನೀಲಿ ಜ್ವಾಲೆ!

"ಒಲೆ ಹಚ್ಚಿದ್ದು ಯಾರು?"

"ನಾನೇ, ಭಾವಾ. ನಾಣ್ಯ ಹೇಗೆ ಕುಣೀತಿದೆ ಕೇಳಿ!"

ಎವೋದಿಯೋ ಹಾರಿ ಒಲೆ ಆರಿಸಿದರು. ದೊಮಿತಿಲಾ ಹಚ್ಚಿದಳು. ಅವರು ಮತ್ತೆ ಆರಿಸಿದರು. ನಿಜ ಹೇಳಿದರೆ ಅಕ್ಕನ ಕಿವಿಗೆ ಬೀಳುತ್ತದೆ. ಹೇಳದಿದ್ದರೆ ಮಸೋರ್ಕಾ ಬೇಯುತ್ತದೆ!

"ದೊಮಿತಿಲಾ, ಕೈ ತೆಗಿ!" ಎಂದು ಗುಡುಗಿದರು.

"ಶ್! ತಮಾಲೆ ಪಾತ್ರೆ ಎದುರಿಗೆ ಜಗಳ ಆಡ್ಬಾರ್ದು. ತಮಾಲೆ ಮುನಿಸ್ಕೊಂಡ್ರೆ ಮೂರು ದಿನ ಆದ್ರೂ ಬೇಯಲ್ಲ. ಏನೇ ಇದ್ರೂ ನಗ್ತಾ ಹೇಳಿ."

ಎವೋದಿಯೋ ಮೂವತ್ತೆರಡು ಹಲ್ಲು ತೋರಿಸಿದರು. "ಕೈ ತೆಗೀತೀಯಾ, ಚಿನ್ನಾ?"

"ತೆಗೆಯಲ್ಲ, ಭಾವಾ," ಎಂದಳು ಅವಳೂ ಅಷ್ಟೇ ಹಲ್ಲು ತೋರಿಸಿ. "ತಲೆ ಕೆಟ್ಟಿದೆಯಾ ನಿಮಗೆ?"

"ನಿನ್ನಷ್ಟಿಲ್ಲ, ತಾಯೀ."

ಒಲೆಯ ಗುಂಡಿಯ ಮೇಲೆ ನಾಲ್ಕು ಕೈ, ಮುಖದ ಮೇಲೆ ಮದುವೆಮನೆಯ ನಗೆ! ಕೊನೆಗೆ ಎವೋದಿಯೋ ಗುಂಡಿಯನ್ನು ನಾದಿನಿಗೇ ಬಿಟ್ಟುಕೊಟ್ಟು, ಪಾತ್ರೆಯನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡು ಬಾಗಿಲಿಗೆ ಓಡಿದರು. ಬಾಗಿಲಲ್ಲಿ, ಹಿಟ್ಟಿನ ಬಕೆಟ್ಟು ಹಿಡಿದು, ಒತಿಲಿಯಾ!

ಪಾತ್ರೆ ಟಣಗುಟ್ಟಿತು. ಆಮೇಲೆ, "ಬುಸ್ಸ್!" ಎಂದಿತು.

"ನಾಣ್ಯ ಯಾವತ್ತಿನಿಂದ ಬುಸುಗುಡುತ್ತೆ, ಮೇಷ್ಟ್ರೇ?"

ಉತ್ತರಕ್ಕೆ ಕಾಯದೆ ಅವಳು ಮುಚ್ಚಳ ಎತ್ತಿದಳು. ಹಳದಿ ಚಾವಟಿಯೊಂದು ಚಿಮ್ಮಿ ಮೇಜಿನ ಮೇಲೆ ಬಿತ್ತು. ದೊಮಿತಿಲಾ ಕುರ್ಚಿಯ ಮೇಲಿದ್ದಳು; ಹತ್ತಿದ್ದನ್ನು ಯಾರೂ ನೋಡಲಿಲ್ಲ. ಹಾವಿನ ಮೈ ಬೆಚ್ಚಗಿತ್ತು, ಬೆಂದಿರಲಿಲ್ಲ. ಮಸೋರ್ಕಾ ಸೀದಾ ತೆನೆಸಿಪ್ಪೆಯ ರಾಶಿಗೆ ನುಗ್ಗಿತು. ಎವೋದಿಯೋ ಕೈ ಹಾಕಹೋದರು.

"ಮುಟ್ಟಬೇಡಿ," ಎಂದಳು ಒತಿಲಿಯಾ. "ಅದಕ್ಕೆ ಗೊತ್ತಿದೆ."

ಒಣಸಿಪ್ಪೆಗಳ ಗೀರುಗೀರು ಅಂಚಿಗೆ ಒದ್ದೆಯಾದ ಮೈ ಉಜ್ಜುತ್ತ, ಸರಸರ ಸದ್ದು ಮಾಡುತ್ತ ಹಾವು ರಾಶಿಯೊಳಗೆ ತೂರಿ ತೂರಿ ಹೋಯಿತು. ಆಚೆ ಬದಿಯಲ್ಲಿ ತಲೆ ಹಾಕಿದಾಗ ಹೊಸ ಬಣ್ಣ ಬಳಿದಂತೆ ಮಿಂಚುತ್ತಿತ್ತು. ಹಿಂದೆ ಸಿಪ್ಪೆಯ ನಡುವೆ ಸಿಪ್ಪೆಯಂತೆಯೇ ತಿರುವುಮುರುವಾಗಿ ಉಳಿದಿತ್ತು ಹಳೆಯ ಪೊರೆ. ಬಾಲದ ತುದಿಯ ಉಂಗುರ ಮಾತ್ರ ಬಿಟ್ಟಿರಲಿಲ್ಲ. ಒತಿಲಿಯಾ ಒಂದು ಸಿಪ್ಪೆಯನ್ನು ನೀರಿಗೆ ಅದ್ದಿ, ಬಾಲಕ್ಕೆ ತಮಾಲೆಗೆ ಸುತ್ತಿದಂತೆ ಸುತ್ತಿ ಹಗುರಾಗಿ ಹಿಡಿದಳು. ಮಸೋರ್ಕಾ ತಾನಾಗಿ ಮುಂದೆ ಸರಿಯಿತು. ಉಂಗುರ ಸಿಪ್ಪೆಯಲ್ಲುಳಿಯಿತು! ಬಾಲದ ತುದಿ ಸೂಜಿಮೊನೆಯಂತೆ ಅಚ್ಚುಕಟ್ಟಾಗಿ ಹೊರಬಂತು.

"ಉಜ್ಜಿಕೊಳ್ಳೋಕೆ ಒರಟಾಗಿರೋದು ಏನು ಕೊಟ್ಟಿದ್ರಿ?"

"ಹತ್ತಿ... ರೇಷ್ಮೆ..."

"ಈ ಮನೇಲಿ ಒರಟು ಅಂದ್ರೆ ನಾನೊಬ್ಬಳೇ ಅಂತ ಊರಿಗೆಲ್ಲ ಹೇಳ್ತಿದ್ರಲ್ಲ. ನನ್ನನ್ನಾದ್ರೂ ಕೇಳ್ಬೇಕಿತ್ತು. ಈಗ ಆ ಸಿಪ್ಪೆಯನ್ನೆಲ್ಲ ಕಸಕ್ಕೆ ಹಾಕಿ, ಪಾತ್ರೆ ಬೂದಿ ಹಚ್ಚಿ ಮೂರು ಸಲ ತಿಕ್ಕಿ, ಮಾರ್ಕೆಟ್ಟಿಂದ ಹೊಸ ಕಟ್ಟು ತನ್ನಿ."

ಎವೋದಿಯೋ ಕದಲಲಿಲ್ಲ. ಛಲಗಾರ ಅರ್ಧ ಗೆಲುವಿಗೆ ಒಪ್ಪುವನೇ? ಭೂತಗನ್ನಡಿ ಹಿಡಿದು ಹಾವಿನ ಮುಖಕ್ಕೆ ಬಾಗಿದವರು ಕೂಗಿಕೊಂಡರು: "ಅಯ್ಯೋ! ಕಣ್ಣಿನ ಪೊರೆ ಬಿಟ್ಟೇ ಇಲ್ಲ! ಎರಡರ ಮೇಲೂ ಹಾಗೇ ಇದೆ! ಪಾತ್ರೆ ತನ್ನಿ!"

ಒತಿಲಿಯಾ ಹಾವಿನ ಮುಖದ ಹತ್ತಿರ ಮುಖ ತಂದಳು. ಮದುವೆಯಾದ ಮೇಲೆ ಯಾವ ಪ್ರಾಣಿಯನ್ನೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ದೊಮಿತಿಲಾಳೂ ಕುರ್ಚಿಯಿಂದ ಇಳಿದು ಬಗ್ಗಿದಳು.

"ಕರಿಮಣಿ ಹಾಗೆ ಫಳಫಳ ಅಂತಿದೆ, ಭಾವಾ."

"ಮಂಜು ಮಂಜಾಗಿದೆ ಅಂತೀನಿ!"

"ನನ್ನ ಮುಖ ನೋಡಿ," ಎಂದಳು ಒತಿಲಿಯಾ. "ಹೇಗಿದೆ?"

"ನಿನ್ನ ಮುಖಾನೂ... ಅಡುಗೆಮನೆ ಹೊಗೆ."

"ಒಲೆ ಆರಿದೆ. ಕಿಟಕೀಲಿ ಪೋಪೊ ಬೆಟ್ಟ ಕಾಣುತ್ತಾ?"

"ಇವತ್ತು ಮೋಡ."

ಅಕ್ಕತಂಗಿಯರು ಕಿಟಕಿಯತ್ತ ನೋಡಿದರು. ತೊಳೆದಿಟ್ಟ ತಟ್ಟೆಯಂಥ ಆಕಾಶದಲ್ಲಿ ಬೆಟ್ಟ ತನ್ನ ಹಿಮದ ಒಂದೊಂದು ಗೆರೆಯನ್ನೂ ತೋರಿಸಿಕೊಂಡು ನಿಂತಿತ್ತು. ಆಗ ಫೋನು ಬಡಿದುಕೊಂಡಿತು. ಪಶುವೈದ್ಯೆ. ಒತಿಲಿಯಾ ಎತ್ತಿಕೊಂಡಳು.

"ಪೊರೆ ಬಿಡ್ತಾ ಅಂತ ಕೇಳ್ತಿದ್ದೀರಾ ಡಾಕ್ಟರಮ್ಮ? ಹಾವಿಗೆ ಪೂರ್ತಿ ಬಿಡ್ತು, ಕಣ್ಣೂ ಸ್ವಚ್ಛ ಇದೆ. ಇನ್ನು ಬಾಕಿ ನಮ್ಮ ಯಜಮಾನರ ಎರಡು ಕಣ್ಣು. ಇವರಿಗೆ ಹಿಡಿಸೋ ಅಳತೆಯ ಹಬೆಪಾತ್ರೆ ನಮ್ಮನೇಲಿಲ್ಲ, ಏನು ಮಾಡ್ಲಿ ಹೇಳಿ!"